ಎರಡು ಸಲ ಸೋಸಿದ ಹಣ್ಣು

ಫೆಬ್ರವರಿ 3

ಅಕ್ಕ,

ಆರು ವರ್ಷದ ಮೇಲೆ ಬರೆಯುತ್ತಿದ್ದೇನೆ. ಹೇಗಿದ್ದೀಯ ಎಂದು ಕೇಳಿದರೆ ನಿನಗೆ ನಗು ಬಂದೀತು, ಅದಕ್ಕೆ ಕೇಳುವುದಿಲ್ಲ. ಕೆಲಸ ಬಿದ್ದಾಗ ಅಕ್ಕನ ನೆನಪಾಯಿತೇ ಎನ್ನುತ್ತೀಯ. ಹೌದಮ್ಮ, ಕೆಲಸ ಬಿದ್ದಿದೆ.

ನಾನೀಗ ಒಂದು ವೃದ್ಧಾಶ್ರಮದಲ್ಲಿದ್ದೇನೆ. ಅಮ್ಮ ಹೋದ ಮೇಲೆ ಬೇರೆ ಯಾವ ಕೆಲಸಕ್ಕೂ ಕೈ ಒಗ್ಗಲಿಲ್ಲ. ಎತ್ತುವುದು, ತೊಳೆಯುವುದು, ತಿನ್ನಿಸುವುದು, ನನಗೆ ಬರುತ್ತಿದ್ದದ್ದು ಇಷ್ಟೇ. ಎರಡನೇ ಮಹಡಿಯಲ್ಲಿ ಒಂಬತ್ತು ಹಾಸಿಗೆ ನನ್ನ ಪಾಲಿಗೆ. ಕಿಟಕಿ ಪಕ್ಕದಲ್ಲಿರುವವರು ಒಬ್ಬ ನಿವೃತ್ತ ಗಣಿತದ ಮೇಷ್ಟ್ರು. ಬುದ್ಧಿ ಮಸುಕಾಗಿದೆ, ಬಾಯಿ ಮಾತ್ರ ಚುರುಕು. ನನ್ನನ್ನು ಮಾನಿಟರ್ ಎಂದು ಕರೆಯುತ್ತಾರೆ. ಬೇರೆ ಯಾರು ತಿನ್ನಿಸಿದರೂ ಉಗುಳುತ್ತಾರೆ. ನಾನು ಚಮಚ ಹಿಡಿದರೆ "ಏಳನೇ ಮಗ್ಗಿ ಹೇಳು, ಆಮೇಲೆ ಬಾಯಿ ತೆಗೀತೀನಿ" ಅನ್ನುತ್ತಾರೆ. ಒಂದೂವರೆ ವರ್ಷದಿಂದ ದಿನಕ್ಕೆ ನಾಲ್ಕು ಸಲ ಏಳನೇ ಮಗ್ಗಿ ಒಪ್ಪಿಸುತ್ತಿದ್ದೇನೆ. ಶಾಲೆಯಲ್ಲಿದ್ದಾಗಲೂ ಇಷ್ಟು ಓದಿರಲಿಲ್ಲ.

ಹೋದ ತಿಂಗಳು ಅವರ ಮಗಳು ನೋಡಲು ಬಂದಳು. ಹೊದಿಕೆ ಸರಿಸಿದರೆ ಎರಡೂ ಕಾಲಿನಲ್ಲಿ, ತೋಳಿನಲ್ಲಿ ನೀಲಿ ಕಲೆ. "ಯಾರಪ್ಪಾ ಹೊಡೆದಿದ್ದು?" ಅಂತ ಕೇಳಿದಳು. ಮೇಷ್ಟ್ರು "ಮಾನಿಟರ್" ಅಂದರು. ಊಟ ಆಯಿತೇ ಎಂದು ಕೇಳಿದರೂ, ಮಳೆ ಬಂತೇ ಎಂದು ಕೇಳಿದರೂ ಅವರ ಉತ್ತರ ಅದೇ. ಆದರೆ ಅವತ್ತು ಅದನ್ನು ಯಾರು ಕೇಳುತ್ತಾರೆ? ಮೇಲ್ವಿಚಾರಕಿ ಮೇಡಂ "ಬೇಲಿನೇ ಎದ್ದು ಹೊಲ ಮೇಯ್ದ್ರೆ ನಾನು ಯಾರನ್ನ ನಂಬ್ಲಿ?" ಅಂದುಬಿಟ್ಟರು. ನನ್ನನ್ನು ಬಟ್ಟೆ ಒಗೆಯುವ ಕೋಣೆಗೆ ಹಾಕಿದ್ದಾರೆ. ಮಾರ್ಚ್ 20ಕ್ಕೆ ವಿಚಾರಣೆ. ತಪ್ಪು ನನ್ನದೆಂದಾದರೆ ಕೆಲಸ ಹೋಗುವುದಷ್ಟೇ ಅಲ್ಲ, ಇನ್ನು ಯಾವ ಆಶ್ರಮವೂ ಯಾವ ಆಸ್ಪತ್ರೆಯೂ ನನ್ನನ್ನು ಹೊಸಿಲು ದಾಟಲು ಬಿಡುವುದಿಲ್ಲ. ಮುದುಕರಿಗೆ ಹೊಡೆದವನು ಎಂಬ ಹೆಸರು ಹೊತ್ತುಕೊಂಡು ತಿರುಗಬೇಕು.

ನಿನ್ನ ಕೆಲಸ ಹತ್ತಿರದಿಂದ ನೋಡಿದವರಿಂದ ಒಂದು ಪತ್ರ ತಂದುಕೊಡು ಎಂದಿದ್ದಾರೆ. ಹಾಗೆ ನೋಡಿದವಳು ನೀನೊಬ್ಬಳೇ. ಅಮ್ಮನನ್ನು ಎರಡು ವರ್ಷ ನೋಡಿಕೊಂಡ, ಕೈ ಎತ್ತಲಿಲ್ಲ ಎಂದು ನಾಲ್ಕು ಸಾಲು ಬರೆದುಕೊಡು. ಅಷ್ಟು ಸಾಕು.

ನಿನ್ನ ತಮ್ಮ


ಫೆಬ್ರವರಿ 19

ತಮ್ಮನಿಗೆ,

ನಿನ್ನ ಪತ್ರಕ್ಕೆ ಎರಡು ಸಲ ಉತ್ತರ ಬರೆದು ಹರಿದು ಹಾಕಿದೆ. ಇದು ಮೂರನೆಯದು.

ನಾನು ಅದೇ ಹಣ್ಣಿನ ಸಂಶೋಧನಾ ಕೇಂದ್ರದಲ್ಲಿದ್ದೇನೆ. ಅದೇ ಪ್ರಯೋಗಾಲಯ, ಅದೇ ಕುರ್ಚಿ. ಕುರ್ಚಿಗೆ ಒಂದು ಕಾಲು ಮಾತ್ರ ಹೊಸದು ಹಾಕಿಸಿದ್ದಾರೆ. ಹಣ್ಣು ಹೆಚ್ಚು, ಅರೆ, ಸೋಸು, ಅದರಲ್ಲಿ ವಿಟಮಿನ್ ಸಿ ಎಷ್ಟಿದೆ ಎಂದು ಹನಿ ಹನಿಯಾಗಿ ಅಳೆ. ಹದಿನೆಂಟು ವರ್ಷ ಇದೇ ಆಯಿತು. ಸಂಜೆಯಾದರೆ ಬಲಗೈ ಹೆಬ್ಬೆರಳು ಮಡಚಲು ಬರುವುದಿಲ್ಲ. ಮನೆಗೆ ಹಣ್ಣು ತರುವುದನ್ನೇ ಬಿಟ್ಟಿದ್ದೇನೆ.

ನೀನು ಕೇಳಿದ್ದನ್ನು ಬರೆಯಲಾರೆ. ಕಾರಣ ನೇರವಾಗಿ ಹೇಳುತ್ತೇನೆ. ಅಮ್ಮನ ಕೊನೆಯ ವಾರ ನಾನು ಬಂದಿದ್ದೆನಲ್ಲ, ನೀನು ಔಷಧಿ ತರಲು ಹೋದಾಗ ಅವಳ ಬಟ್ಟೆ ಬದಲಿಸಿದೆ. ಮೊಣಕಾಲ ಕೆಳಗೆ, ತೊಡೆಯ ಹಿಂದೆ ಅಂಗೈ ಅಗಲದ ನೀಲಿ ಕಲೆಗಳಿದ್ದವು. ಕೆಲವು ಹಳೆಯವಾಗಿ ಹಳದಿಗೆ ತಿರುಗಿದ್ದವು. ಹಾಸಿಗೆ ಬಿಟ್ಟು ಏಳಲಾರದವಳು ಎಲ್ಲಿ ಬಿದ್ದಾಳು? ಮನೆಯಲ್ಲಿ ಇದ್ದದ್ದು ನೀವಿಬ್ಬರೇ. ನಾನು ಬಾಯಿ ಬಿಡಲಿಲ್ಲ. ಅವಳು ಹೋದ ಮೇಲೆ ಎಲ್ಲ ಮುಗಿಸಿ ಹೊರಟುಬಂದೆ. ಆಮೇಲೆ ನಿನ್ನ ಫೋನನ್ನೂ ಎತ್ತಲಿಲ್ಲ.

ಈಗ ಇನ್ನೊಬ್ಬ ಮುದುಕರು. ಅದೇ ಕೈ, ಅದೇ ಕಲೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ನಿನ್ನ ವಿರುದ್ಧ ಎಲ್ಲೂ ಮಾತಾಡುವುದಿಲ್ಲ, ಪರವಾಗಿಯೂ ಬರೆಯುವುದಿಲ್ಲ. ನನ್ನ ಕೈಲಾಗುವುದು ಇಷ್ಟೇ.

ಅಕ್ಕ


ಫೆಬ್ರವರಿ 24

ಅಕ್ಕ,

ಅಂತೂ ಕಾರಣ ಗೊತ್ತಾಯಿತಲ್ಲ, ಪುಣ್ಯ. ಅಮ್ಮನ ಹೊಲಿಗೆ ಯಂತ್ರವನ್ನು ನಿನ್ನ ಕೇಳದೆ ಯಾರಿಗೋ ಕೊಟ್ಟೆನಲ್ಲ, ಅದಕ್ಕೆ ಸಿಟ್ಟು ಮಾಡಿಕೊಂಡಿದ್ದೀಯ ಎಂದುಕೊಂಡಿದ್ದೆ. ಯಾರಾದರೂ ವಿಚಾರಿಸಿದರೆ ಅಕ್ಕನಿಗೆ ಪುರುಸೊತ್ತಿಲ್ಲ ಎನ್ನುತ್ತಿದ್ದೆ. ನೀನು ನೋಡಿದರೆ ಹೆತ್ತ ತಾಯಿಗೆ ಹೊಡೆದವನು ಎಂದು ತೀರ್ಪು ಕೊಟ್ಟು ಆರು ವರ್ಷದಿಂದ ಸುಮ್ಮನೆ ಕೂತಿದ್ದೀಯ!

ಕೇಳು. ನಾನು ಅಮ್ಮನಿಗೆ ಹೊಡೆಯಲಿಲ್ಲ. ಗದರಿದ್ದೇನೆ. ಒಂದೇ ದಿನ ಮೂರನೇ ಸಲ ಹಾಸಿಗೆ ಒದ್ದೆಯಾದಾಗ "ನಿಂಗೆ ಸಾಯೋಕೂ ಬರಲ್ವಾ" ಅಂದಿದ್ದೇನೆ. ಅವಳು ನನ್ನ ಮುಖ ನೋಡಿದಳು. ಇದನ್ನು ಇವತ್ತಿನವರೆಗೂ ಯಾರ ಹತ್ತಿರವೂ ಹೇಳಿರಲಿಲ್ಲ. ಅದಕ್ಕೆ ಏನು ಶಿಕ್ಷೆ ಕೊಡುತ್ತೀಯೋ ಕೊಡು, ತಲೆ ಬಗ್ಗಿಸಿ ತೆಗೆದುಕೊಳ್ಳುತ್ತೇನೆ. ಹೊಡೆದದ್ದಕ್ಕೆ ಕೊಡಬೇಡ, ಹೊಡೆದಿಲ್ಲ.

ಆ ಕಲೆಗಳನ್ನು ನಿನಗಿಂತ ಮೊದಲು ನೋಡಿದವನು ನಾನು. ದಿನಾ ಸ್ನಾನ ಮಾಡಿಸುತ್ತಿದ್ದವನು ನಾನಲ್ಲವೇ? ಮೊದಲು ಕಾಲಿನ ಕೂದಲ ಬುಡದಲ್ಲಿ ಸಾಸಿವೆಯಷ್ಟು ಕೆಂಪು ಚುಕ್ಕೆ. ಆಮೇಲೆ ಅಲ್ಲಲ್ಲಿ ನೀಲಿ. ಎತ್ತುವಾಗ ನನ್ನ ಬೆರಳು ಒತ್ತಿದ ಕಡೆಯೂ ಮೂಡುತ್ತಿದ್ದವು. ಡಾಕ್ಟರನ್ನು ಕೇಳಿದ್ದಕ್ಕೆ "ವಯಸ್ಸಾಯ್ತಲ್ಲಪ್ಪ, ಚರ್ಮ ತೆಳುವಾಗಿದೆ" ಅಂದಿದ್ದರು. ಮೇಷ್ಟ್ರಿಗೂ ಹೀಗೇ ಶುರುವಾದಾಗ ಇದೂ ವಯಸ್ಸಿನದೇ ಎಂದುಕೊಂಡೆ. ಅವರನ್ನು ಎತ್ತುವ ಮೊದಲು ಎರಡೂ ಕೈಗೆ ಟವೆಲ್ ಸುತ್ತಿಕೊಳ್ಳುತ್ತಿದ್ದೆ. ಅದನ್ನು ಹೇಳಿದ ಮೇಲೆ ಮೇಡಂ ಮುಖ ಇನ್ನೂ ಗಂಟಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಕಥೆ.

ನಿನ್ನ ಪತ್ರ ನನಗೆ ಬೇಡ. ಸಾಕಾಗಿದೆ ಅಕ್ಕ. ಮೇಷ್ಟ್ರು ಈಗ ಸರಿಯಾಗಿ ತಿನ್ನುತ್ತಿಲ್ಲವಂತೆ. ಹೊಸ ಆಯಾಗೆ ಮಗ್ಗಿ ಬರುವುದಿಲ್ಲ.

ತಮ್ಮ


ಮಾರ್ಚ್ 8

ಮೊಂಡ,

ಚಿಕ್ಕಂದಿನ ಹೆಸರು ತಾನಾಗಿ ಬಂತು, ಇರಲಿ.

ನಿನ್ನ ಪತ್ರ ಓದಿ ಮೊದಲು ಸಿಟ್ಟೇ ಬಂತು. ಆದರೆ ಕೂದಲ ಬುಡದ ಕೆಂಪು ಚುಕ್ಕೆ ಎಂದು ಬರೆದೆಯಲ್ಲ, ಅದು ತಲೆಯಿಂದ ಹೋಗಲೊಲ್ಲದು. ಹತ್ತು ದಿನ ಅದನ್ನು ಹೊತ್ತುಕೊಂಡೇ ಕೆಲಸ ಮಾಡಿದೆ.

ನಮ್ಮಲ್ಲಿ ಈ ವರ್ಷ ನಡೆದಿರುವ ಪ್ರಯೋಗವೊಂದನ್ನು ಹೇಳುತ್ತೇನೆ, ಕೊಡವಿಕೊಂಡು ಏಳದೆ ಓದು. ಸೀಬೆ ಮರದಲ್ಲಿ ಅರ್ಧ ಕಾಯಿಗಳಿಗೆ ಕಪ್ಪು ಕಾಗದದ ಚೀಲ ಕಟ್ಟಿದ್ದೇವೆ, ಇನ್ನರ್ಧ ಬಿಸಿಲಿಗೆ ಬಿಟ್ಟಿದ್ದೇವೆ. ಎಲೆ ದುಡಿಯುತ್ತದೆ, ಹಣ್ಣು ಕೂತು ತಿನ್ನುತ್ತದೆ ಎಂದೇ ನಾನು ಬಹಳ ಕಾಲ ತಿಳಿದಿದ್ದೆ. ಹಾಗಲ್ಲ. ಎಲೆ ಕಳಿಸುವುದು ಹೆಚ್ಚಾಗಿ ಸಕ್ಕರೆ. ಆ ಸಕ್ಕರೆಯನ್ನು ಹಣ್ಣು ತನ್ನೊಳಗೇ ಇಟ್ಟುಕೊಂಡು, ಒಂದರಿಂದ ಇನ್ನೊಂದಾಗಿ ಏಳೆಂಟು ಸಲ ಬದಲಾಯಿಸಿ ವಿಟಮಿನ್ ಸಿ ಮಾಡಿಕೊಳ್ಳುತ್ತದೆ. ಬಿಸಿಲಿಗೆ ಬಿಟ್ಟ ಹಣ್ಣಿನಲ್ಲಿ ಅದು ಹೆಚ್ಚು, ಚೀಲದೊಳಗಿನದರಲ್ಲಿ ಕಡಿಮೆ. ಒಂದೇ ಹಣ್ಣಿನಲ್ಲೂ ತಿರುಳಿಗಿಂತ ಸಿಪ್ಪೆಯಲ್ಲಿ ಹೆಚ್ಚು. ಗಿಡ ಅದನ್ನು ನಮಗೋಸ್ಕರ ಮಾಡುವುದಿಲ್ಲವಲ್ಲ! ಬಿಸಿಲು ಅನ್ನವನ್ನೂ ಕೊಡುತ್ತದೆ, ಅತಿಯಾದರೆ ಸುಡುತ್ತದೆ. ಆ ಸುಡುವುದನ್ನು ಮುಂದೆ ಹೋಗಿ ತನ್ನ ಮೇಲೆ ಹಾಕಿಕೊಳ್ಳುವುದು ಈ ಸಿ. ನಮ್ಮ ವಿಜ್ಞಾನಿಗಳು ಹೇಳುತ್ತಿರುತ್ತಾರೆ, "ಗಿಡಕ್ಕೆ ಎದ್ದು ನೆರಳಿಗೆ ಹೋಗೋಕಾಗಲ್ಲ ನೋಡಿ, ನಿಂತಲ್ಲೇ ತಡ್ಕೋಬೇಕು. ಅದಕ್ಕೇ ಇಷ್ಟೊಂದು ಮಾಡ್ಕೊಳ್ಳುತ್ತೆ."

ನಾಯಿ, ಬೆಕ್ಕು, ಹಸು ಕೂಡ ತಮಗೆ ಬೇಕಾದಷ್ಟನ್ನು ತಮ್ಮ ಮೈಯಲ್ಲೇ ಮಾಡಿಕೊಳ್ಳುತ್ತವೆ. ಮನುಷ್ಯನಿಗೆ ಆಗುವುದಿಲ್ಲ. ನಮ್ಮ ಮೈ ಕೊನೆಯ ಹೆಜ್ಜೆಗೆ ಬಂದು ನಿಂತುಬಿಡುತ್ತದೆ. ಹಾಗಾಗಿ ದಿನಾ ಹೊರಗಿನಿಂದಲೇ ಬರಬೇಕು. ಎರಡು ಮೂರು ತಿಂಗಳು ಬರದಿದ್ದರೆ ರಕ್ತನಾಳದ ಗೋಡೆ ಸಡಿಲವಾಗಿ, ಮುಟ್ಟಿದ ಕಡೆ ಒಳಗೇ ರಕ್ತ ಒಸರುತ್ತದೆ. ಮೊದಲು ಕಾಣುವುದು ಕೂದಲ ಬುಡದಲ್ಲಿ.

ಇದು ನನ್ನ ಪಠ್ಯಪುಸ್ತಕದಲ್ಲಿತ್ತು. ಇದರ ಮೇಲೆ ಪರೀಕ್ಷೆ ಬರೆದು ಪಾಸಾಗಿದ್ದೇನೆ.

ನಾನಿನ್ನೂ ಏನನ್ನೂ ಒಪ್ಪಿಕೊಂಡಿಲ್ಲ. ಮೊದಲು ಇದಕ್ಕೆ ಉತ್ತರ ಬರಿ. ಮೇಷ್ಟ್ರ ಒಸಡಿನಲ್ಲಿ ರಕ್ತ ಬರುತ್ತದೆಯೇ? ಕಾಲಿನ ಕೂದಲು ಸುರುಳಿ ಸುತ್ತಿಕೊಂಡಿದೆಯೇ? ಬೆಳಗ್ಗೆಯಿಂದ ಸಂಜೆವರೆಗೆ ಅವರಿಗೆ ಏನೇನು ತಿನ್ನಿಸುತ್ತಿದ್ದೆ, ಹೇಗೆ ಮಾಡುತ್ತಿದ್ದೆ, ಒಂದೂ ಬಿಡದೆ ಬರಿ. ಅಮ್ಮನಿಗೆ ಮಾಡುತ್ತಿದ್ದದ್ದನ್ನೂ ಬರಿ. ಬೇಗ.

ಅಕ್ಕ


ಮಾರ್ಚ್ 11

ಅಕ್ಕ,

ಒಸಡಿನಲ್ಲಿ ರಕ್ತ ಬರುತ್ತದೆ. ಬೆಳಗ್ಗೆ ದಿಂಬಿನ ಚೀಲದ ಮೇಲೆ ಕೆಂಪು ಇರುತ್ತದೆ, ಈಗ ಅದನ್ನು ಒಗೆಯುವವನೂ ನಾನೇ. ಕೂದಲು ಸ್ಪ್ರಿಂಗಿನ ಹಾಗೆ ಸುತ್ತಿಕೊಂಡಿದೆ. ಇದೆಲ್ಲ ನಿನಗೆ ಹೇಗೆ ಗೊತ್ತಾಯಿತೋ ಕಾಣೆ. ಹೊಡೆದೆಯಾ ಎಂದು ಎಲ್ಲರೂ ಕೇಳಿದರು, ಏನು ತಿನ್ನಿಸಿದೆ ಎಂದು ಕೇಳಿದವಳು ನೀನೊಬ್ಬಳೇ.

ಬೆಳಗ್ಗೆ ಹಾಲಿನಲ್ಲಿ ನೆನೆಸಿದ ಬ್ರೆಡ್. ಮಧ್ಯಾಹ್ನ ಗಂಜಿ. ಸಂಜೆ ಟೀ, ಮತ್ತೆ ಬ್ರೆಡ್. ಆಮೇಲೆ ಗಂಜಿಯೇ. ಹಣ್ಣು ಒಂದು ದಿನವೂ ತಪ್ಪಿಸಲಿಲ್ಲ, ದೇವರಾಣೆ. ಅಮ್ಮನಿಗೆ ಒಂದು ಸಲ ಹಣ್ಣಿನ ನಾರು ಗಂಟಲಿಗೆ ಸಿಕ್ಕಿ ಕಣ್ಣು ಮೇಲಾಗಿತ್ತು. ಬೆರಳು ಹಾಕಿ ತೆಗೆದೆ. ಅಂದಿನಿಂದ ಸಿಪ್ಪೆ ಬೀಜ ತೆಗೆದು, ಒಂದು ಗಂಟೆ ಬೇಯಿಸಿ, ಜರಡಿಯಲ್ಲಿ ಒಂದು ಸಲ, ತೆಳು ಬಟ್ಟೆಯಲ್ಲಿ ಇನ್ನೊಂದು ಸಲ ಸೋಸುತ್ತಿದ್ದೆ. ಹುಳಿ ತಗಲಿದರೆ ಬಾಯಿ ಉರಿ ಎಂದು ಅಳುತ್ತಿದ್ದಳು, ಅದಕ್ಕೆ ಚಿಟಿಕೆ ಅಡುಗೆ ಸೋಡಾ. ಬೆಳಗ್ಗೆ ಆರಕ್ಕೆ ಮಾಡಿ ಬಿಸಿಬಿಸಿಯಾಗಿ ಫ್ಲಾಸ್ಕಿಗೆ ತುಂಬುತ್ತಿದ್ದೆ. ಸಂಜೆವರೆಗೂ ನಾಲ್ಕು ನಾಲ್ಕು ಚಮಚ ಕೊಡುವುದು.

ಮೇಷ್ಟ್ರಿಗೂ ಹೋದ ಮಳೆಗಾಲದಿಂದ ನುಂಗುವುದು ಕಷ್ಟ. ಅವರಿಗೂ ಹಾಗೇ ಮಾಡಿದೆ. ಉಳಿದ ಎಂಟು ಜನಕ್ಕೆ ಅಡುಗೆಮನೆಯ ಊಟ, ಮೇಷ್ಟ್ರದ್ದು ಮಾತ್ರ ನನ್ನ ಕೈ ಅಡುಗೆ. "ನಿಮ್ಮ ಮೇಷ್ಟ್ರಿಗೆ ಮಾತ್ರ ರಾಜೋಪಚಾರ" ಅಂತ ಅಡುಗೆಯವರು ಆಡಿಕೊಳ್ಳುತ್ತಿದ್ದರು.

ಇಷ್ಟೇ. ಇನ್ನು ಒಂಬತ್ತು ದಿನ ಉಳಿದಿದೆ.

ತಮ್ಮ


ಮಾರ್ಚ್ 15

ಮೊಂಡ,

ನಿನ್ನೆ ನೀನು ಬರೆದ ಹಾಗೆಯೇ ಮಾಡಿದೆ. ಬಿಸಿಲಿಗೆ ಬಿಟ್ಟ ಕೊಂಬೆಯಿಂದ ಎಲ್ಲಕ್ಕಿಂತ ಒಳ್ಳೆಯ ಸೀಬೆ ಆರಿಸಿ, ಒಂದು ಗಂಟೆ ಬೇಯಿಸಿ, ಎರಡು ಸಲ ಸೋಸಿ, ಚಿಟಿಕೆ ಸೋಡಾ ಹಾಕಿ, ಸಂಜೆವರೆಗೆ ಫ್ಲಾಸ್ಕಿನಲ್ಲಿಟ್ಟೆ.

ನಮ್ಮ ಅಳತೆ ಹೀಗೆ. ಹಣ್ಣಿನ ರಸಕ್ಕೆ ಗಾಜಿನ ಕೊಳವೆಯಿಂದ ನೀಲಿ ಬಣ್ಣದ ಹನಿ ಬಿಡುತ್ತೇವೆ. ರಸದಲ್ಲಿ ಸಿ ಇರುವ ತನಕ ಬಿದ್ದ ಬಣ್ಣ ಮಾಯವಾಗುತ್ತದೆ. ಸಿ ಮುಗಿದ ಮೇಲೆ ಬಿದ್ದ ಹನಿ ತಿಳಿ ಗುಲಾಬಿಯಾಗಿ ನಿಲ್ಲುತ್ತದೆ. ಎಷ್ಟು ಹನಿ ಹಿಡಿಯಿತು ಎಂಬುದರ ಮೇಲೆ ಲೆಕ್ಕ. ಅದೇ ಮರದ ಹಸಿ ಹಣ್ಣಿಗೆ ನೂರಕ್ಕೂ ಮೇಲೆ ಹಿಡಿಯಿತು. ನಿನ್ನ ಫ್ಲಾಸ್ಕಿನದಕ್ಕೆ ಎರಡು. ನನ್ನ ಕೈ ತಪ್ಪಿತೆಂದು ಮತ್ತೆ ಮಾಡಿದೆ. ಎರಡು. ಪಕ್ಕದ ಮೇಜಿನವಳ ಕೈಯಲ್ಲಿ ಮಾಡಿಸಿದೆ. ಎರಡೇ.

ಅರ್ಧದಷ್ಟನ್ನು ಬೆಂಕಿ ತಿಂದಿದೆ. ಹುಳಿ ಇದ್ದರೆ ಉಳಿದದ್ದು ಸ್ವಲ್ಪ ಬಾಳುತ್ತಿತ್ತು. ಸೋಡಾ ಆ ಹುಳಿಯನ್ನೂ ಮುರಿಯಿತು. ಮಿಕ್ಕಿದ್ದನ್ನು ದಿನವಿಡೀ ಬಿಸಿಯಾಗಿದ್ದ ಫ್ಲಾಸ್ಕ್ ಮುಗಿಸಿತು. ನೀನು ಕೊಡುತ್ತಿದ್ದದ್ದು ಹಣ್ಣಿನ ಬಣ್ಣದ ಸಿಹಿನೀರು.

ಅಳತೆಯ ಹಾಳೆ ಜೊತೆಗಿದೆ, ನಮ್ಮ ವಿಜ್ಞಾನಿಗಳ ಸಹಿಯೂ ಇದೆ. ಇದನ್ನು ಮೇಡಂಗೆ ಕೊಡುವ ಮುಂಚೆ ಆಶ್ರಮದ ಡಾಕ್ಟರಿಗೆ ಕೊಡು. ಮೇಷ್ಟ್ರ ರಕ್ತ ಪರೀಕ್ಷೆ ಮಾಡಿಸಲಿ, ವಿಟಮಿನ್ ಸಿ ಮಾತ್ರೆಯನ್ನು ಪುಡಿ ಮಾಡಿ ಅಂದೇ ಶುರುಮಾಡಲಿ. ಅಂಚೆಯನ್ನು ನಂಬದೆ, ನಾಳೆ ನಿಮ್ಮ ಕಡೆ ಬರುತ್ತಿರುವ ನಮ್ಮ ಗುಮಾಸ್ತರ ಕೈಯಲ್ಲಿ ಕಳಿಸುತ್ತಿದ್ದೇನೆ.

ನೀನು ಮೇಷ್ಟ್ರಿಗೆ ಹೊಡೆದಿಲ್ಲ. ಅಮ್ಮನ ವಿಷಯ ಬರೆಯಲು ಕೂತೆ, ಆಗಲಿಲ್ಲ. ಇದು ಮೊದಲು ತಲುಪಲಿ.

ಅಕ್ಕ


ಏಪ್ರಿಲ್ 2

ಅಕ್ಕ,

ಗುಮಾಸ್ತರು ಬಂದು ಕೊಟ್ಟುಹೋದರು. ಡಾಕ್ಟರು ಹಾಳೆಯನ್ನು ಎರಡು ಸಲ ಓದಿದರು. ಮೇಷ್ಟ್ರ ತುಟಿ ಎಳೆದು ಒಸಡು ನೋಡಿದರು, ಭೂತಗಾಜು ಹಿಡಿದು ಕಾಲು ನೋಡಿದರು. "ಇದು ಪುಸ್ತಕದಲ್ಲಿ ಓದಿದ್ದು ಬಿಟ್ರೆ ಕಣ್ಣಲ್ಲಿ ನೋಡ್ತಿರೋದು ಇವತ್ತೇ" ಅಂದರು. ರಕ್ತದ ವರದಿ ಬರುವವರೆಗೆ ವಿಚಾರಣೆಯನ್ನು ಒಂದು ವಾರ ಮುಂದೆ ಹಾಕಿದರು. ವರದಿಯೂ ನೀನು ಹೇಳಿದ್ದನ್ನೇ ಹೇಳಿತು. ಮಾತ್ರೆ ಶುರುವಾಗಿ ನಾಲ್ಕನೇ ದಿನಕ್ಕೆ ದಿಂಬು ಬೆಳ್ಳಗಾಯಿತು. ಈಗ ಕಲೆಗಳೆಲ್ಲ ಹಳದಿಯಾಗಿ ಮಾಸುತ್ತಿವೆ. ಮೇಷ್ಟ್ರ ಮಗಳು ಒಗೆಯುವ ಕೋಣೆಯವರೆಗೂ ಬಂದು "ತಪ್ಪಾಯ್ತಣ್ಣ" ಅಂದಳು. ನಾನು "ಪರವಾಗಿಲ್ಲಮ್ಮ, ಒಗೆದಿರೋ ಬಟ್ಟೆ ತುಳೀಬೇಡಿ" ಅಂದೆ. ಮೇಡಂ ಬೇಲಿಯನ್ನು ಮತ್ತೆ ಹೊಲಕ್ಕೆ ಹಾಕಿದ್ದಾರೆ. ಎರಡನೇ ಮಹಡಿ, ಒಂಬತ್ತು ಹಾಸಿಗೆ.

ಎಲ್ಲರೂ ಬೆನ್ನು ತಟ್ಟುತ್ತಿದ್ದಾರೆ. ನನಗೆ ಮಾತ್ರ ಊಟ ಸೇರುತ್ತಿಲ್ಲ. ಹೊಡೆಯಲಿಲ್ಲ, ಸರಿ. ಆದರೆ ಜರಡಿ ಹಿಡಿದವನು ನಾನೇ ಅಲ್ಲವೇ? ಸೋಡಾ ಹಾಕಿದವನು ನಾನೇ. ತಿಂಗಳುಗಟ್ಟಲೆ ದಿನಾ ಬೆಳಗ್ಗೆ ಎದ್ದು, ಅವಳಿಗೆ ಬೇಕಾಗಿದ್ದ ಒಂದನ್ನು ಮಾತ್ರ ಹುಡುಕಿ ಹುಡುಕಿ ತೆಗೆದು, ಉಳಿದದ್ದನ್ನು ತಿನ್ನಿಸಿದೆ. ಅವಳು "ನಿನ್ನ ಕೈ ರುಚಿ ಚೆನ್ನಾಗಿದೆ ಕಣೋ" ಅನ್ನುತ್ತಿದ್ದಳು. ಇಷ್ಟು ದಿನ ಆ ಮಾತೊಂದೇ ನನಗೆ ಆಸರೆಯಾಗಿತ್ತು. ಈಗ ಅದೂ ಇಲ್ಲ.

ನಿನ್ನನ್ನು ಒಂದೇ ಒಂದು ಕೇಳಬೇಕು. ಆ ದಿನ ನಾನು ಔಷಧಿ ತೆಗೆದುಕೊಂಡು ವಾಪಸ್ ಬಂದೆ. ನೀನು ಮಂಚದ ಪಕ್ಕದಲ್ಲೇ ನಿಂತಿದ್ದೆ. "ಇದೇನೋ ಇದು" ಎಂದು ಒಂದು ಮಾತು ಯಾಕೆ ಕೇಳಲಿಲ್ಲ?

ತಮ್ಮ


ಏಪ್ರಿಲ್ 20

ಮೊಂಡ,

ನಿನ್ನ ಪ್ರಶ್ನೆಗೆ ಸುಳ್ಳು ಉತ್ತರಗಳು ಬೇಗ ಬೇಗ ಬಂದವು. ಅಮ್ಮನ ಎದುರಿಗೆ ಬೇಡ ಎಂದುಕೊಂಡೆ, ಸಾವಿನ ಮನೆಯಲ್ಲಿ ರಂಪ ಬೇಡ ಎಂದುಕೊಂಡೆ, ಹೀಗೆ. ಎಲ್ಲ ನೆಪ. ನಿಜ ಬರೆಯಲು ಇಷ್ಟು ದಿನ ಹಿಡಿಯಿತು.

ಆ ಎರಡು ವರ್ಷದಲ್ಲಿ ನಾನು ಬಂದದ್ದು ಮೂರು ಸಲ. ಕೊನೆಯ ವಾರ ಬಿಟ್ಟರೆ ಪ್ರತಿ ಸಲವೂ ಸಂಜೆ ಬಸ್ಸಿಗೆ ವಾಪಸ್. "ನೀನು ಹೋಗಕ್ಕ, ನಾನಿದ್ದೀನಲ್ಲ" ಅಂದವನು ನೀನು. ಅಷ್ಟು ಸಿಕ್ಕಿದ್ದೇ ಸಾಕೆಂದು ಓಡಿದವಳು ನಾನು. ಆ ಕಲೆ ನೋಡಿದಾಗ ನನ್ನ ಜೀವ ಬಾಯಿಗೆ ಬಂತು. ಅದರ ಬೆನ್ನಿಗೇ ಸಮಾಧಾನವೂ ಆಯಿತು. ಹೌದು ಕಣೋ, ಸಮಾಧಾನ. ನೀನು ಕೆಟ್ಟವನಾದರೆ ನಾನು ಬರದೇ ಇದ್ದದ್ದು ಸಣ್ಣ ತಪ್ಪಾಗುತ್ತಿತ್ತು. ಕೇಳಿದ್ದರೆ ನೀನು ಇಲ್ಲ ಎನ್ನುತ್ತಿದ್ದೆ, ನಿನ್ನ ಮುಖ ನೋಡಿ ನಾನು ನಂಬಲೇಬೇಕಾಗುತ್ತಿತ್ತು. ನಂಬಿದ ಮೇಲೆ ಇಷ್ಟು ದಿನ ನೀನು ಎಲ್ಲಿ ಸತ್ತಿದ್ದೆ ಎಂದು ನನ್ನನ್ನೇ ಕೇಳಿಕೊಳ್ಳಬೇಕಿತ್ತು. ಅದಕ್ಕೇ ಕೇಳಲಿಲ್ಲ.

ನೀನು ಜರಡಿ ಹಿಡಿದದ್ದು ತಿಳಿಯದೆ. ನೋಡಿದ ಕೂಡಲೇ ತಿಳಿಯಬೇಕಾಗಿದ್ದವಳು ಆ ಮನೆಯಲ್ಲಿ ನಾನೊಬ್ಬಳಿದ್ದೆ. ಹೊರಡುವ ದಿನ ಬೆಳಗ್ಗೆಯೂ ಹದಿನಾಲ್ಕು ಹಣ್ಣು ಅಳೆದು ಬಂದಿದ್ದೆ. ಅವಳ ತುಟಿ ಸರಿಸಿ ಒಸಡು ನೋಡಲಿಲ್ಲ. ಆ ವಾರ ಏನು ಕೊಟ್ಟಿದ್ದರೂ ಉಳಿಯುತ್ತಿರಲಿಲ್ಲವೇನೋ, ಹೃದಯ ಸೋತಿತ್ತು. ಮೈ ನೋವಾದರೂ ಸ್ವಲ್ಪ ಇಳಿಯುತ್ತಿತ್ತು.

ಸಾಯೋಕೂ ಬರಲ್ವಾ ಎಂದದ್ದಕ್ಕೆ ಶಿಕ್ಷೆ ಕೊಡು ಎಂದಿದ್ದೆ. ಎರಡು ವರ್ಷದಲ್ಲಿ ಒಂದೇ ಸಲ ಅಂದೆಯಲ್ಲ, ನಾನಾಗಿದ್ದರೆ ಎರಡನೇ ದಿನವೇ ಅನ್ನುತ್ತಿದ್ದೆ. ಅವಳು ನಿನ್ನ ಕೈ ರುಚಿ ಚೆನ್ನಾಗಿದೆ ಎಂದದ್ದನ್ನು ಮಾತ್ರ ಬಿಟ್ಟುಕೊಡಬೇಡ. ಅದು ಸುಳ್ಳಲ್ಲ.

ನಾನು ನಿನಗೆ ಮಾಡಿದ್ದು ಘೋರ ಅನ್ಯಾಯ. ಕ್ಷಮಿಸು ಎನ್ನಲು ಮುಖವಿಲ್ಲ. ಆದರೂ ಕೇಳುತ್ತಿದ್ದೇನೆ.

ಅಕ್ಕ


ಏಪ್ರಿಲ್ 26

ಅಕ್ಕ,

ಓದಿದೆ. ಸಮಾಧಾನವಾಯಿತು ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ಎರಡು ದಿನ ನನ್ನ ಮೈ ಉರಿಯುತ್ತಿತ್ತು. ಊಟಕ್ಕೆ ಕೂರಿಸಿದಾಗ ಮೇಷ್ಟ್ರು ಕೂಡ "ಯಾರ ಮೇಲೋ ಕೋಪ? ಮಗ್ಗಿ ಇಷ್ಟು ಜೋರಾಗಿ ಹೇಳ್ತಿದ್ದೀಯ" ಅಂದರು.

ಕ್ಷಮಿಸಿದೆ ಎಂದು ಬರೆದರೆ ಸುಳ್ಳಾಗುತ್ತದೆ, ಬರೆಯುವುದಿಲ್ಲ. ಕ್ಷಮಿಸುವುದಿಲ್ಲ ಎಂದು ಬರೆಯಲೂ ಕೈ ಏಳುತ್ತಿಲ್ಲ. ನನಗೂ ಸುಸ್ತಾಗಿದೆ, ನಿನಗೂ ಆಗಿದೆ. ಅಮ್ಮನನ್ನು ನೆನೆಸಿಕೊಂಡು ಅಳಲು ನನ್ನ ಜೊತೆಗೆ ಆರು ವರ್ಷದಿಂದ ಯಾರೂ ಇಲ್ಲ.

ಭಾನುವಾರ ಬಾ. ಈ ಜಗಳ ಪತ್ರದಲ್ಲಿ ಆಡುವಂಥದ್ದಲ್ಲ, ಎದುರಿಗೆ ಕೂತು ಆಡಬೇಕು. ಸಂಜೆ ಬಸ್ಸಿಗೆ ವಾಪಸ್ ಹೋಗುತ್ತೇನೆ ಎಂದರೆ ಬರಲೇಬೇಡ. ನಾನು ಸೋಮವಾರವೂ ರಜೆ ಹಾಕಿದ್ದೇನೆ.

ನಿನ್ನ ಮೊಂಡ